ಹಾಳೂರು ಹೊಲದ ಬಿಲ್ಲೆ

ಮೊನ್ನೆ ಸೊಸೆ ತಲೆಗೆ ಹಚ್ಚಿಕೊಳ್ಳಲೆಂದು ಅಂಟುವಾಳಕಾಯಿ ನೆನೆಹಾಕಿದ್ದಳು. ಬಚ್ಚಲ ಬಾಗಿಲು ದಾಟುವಾಗ ಆ ನೊರೆಯ ಒಗರು ವಾಸನೆ ಮೂಗಿಗೆ ಬಡಿದದ್ದೇ ತಡ, ಗೋಡೆ ಹಿಡಿದು ನಿಂತುಬಿಟ್ಟೆ. ಮಂಡಿನೋವಾ ಅತ್ತೆ ಎಂದು ಅವಳು ಕೇಳಿದಳು, ಹೂಂ ಎಂದೆ. ಮಂಡಿನೋವಿಗಾದರೆ ಹಚ್ಚಲು ಎಣ್ಣೆಯಿದೆ. ಅವ್ವನ ನೆನಪಿಗೆ ಏನು ಹಚ್ಚಿಕೊಳ್ಳಲಿ? ಹುಣಸೂರು ಕಡೆಯ ನಮ್ಮ ಮನೆ ಈಗಿಲ್ಲ. ಸಗಣಿ ಸಾರಿಸಿದ ಆ ನಡುಮನೆ, ರಾಗಿಹಿಟ್ಟಿನ ಘಮದ ಬೀಸುವಕಲ್ಲು, ದೀಪದ ಕಿಟ್ಟ ಹಿಡಿದ ದೇವರ ಗೂಡು ಎಲ್ಲ ಹೋಗಿ, ಆ ಜಾಗದಲ್ಲಿ ಯಾರೋ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಕಟ್ಟಿದ್ದಾರೆ. ನಿಮಗೂ ಅಂಥದ್ದೊಂದು ಮನೆ ಇದ್ದಿರಬಹುದು. ಇದ್ದರೆ ನಾನು ಹೇಳುವುದು ನಿಮಗೆ ತಿಳಿಯುತ್ತದೆ.

ನಮ್ಮ ಹೊಲಕ್ಕೆ ಹಾಳೂರು ಹೊಲ ಅಂತಲೇ ಹೆಸರು. ಯಾವಾಗಲೋ ಪ್ಲೇಗು ಬಂದಾಗ ಜನ ಬಿಟ್ಟುಹೋದ ಊರಿನ ನೆಲವದು. ನೇಗಿಲು ಹೂಡಿದಾಗೆಲ್ಲ ಮಡಕೆಚೂರು, ಬಳೆಚೂರು ಮೇಲೆ ಬರುತ್ತಿದ್ದವು. ಅರವತ್ತರ ದಶಕದ ಕೊನೆಯ ಒಂದು ಮಳೆಗಾಲದಲ್ಲಿ, ರಾಗಿ ಪೈರಿನ ಕಳೆ ಕೀಳುತ್ತಿದ್ದ ಅವ್ವನ ಬೆರಳಿಗೆ ಏನೋ ತಗುಲಿತು. ಹುಣಸೆಬೀಜದಷ್ಟಗಲದ ಚಿನ್ನದ ಬಿಲ್ಲೆ, ಮೇಲಿನ ಕೊಂಡಿ ಮುರಿದಿತ್ತು. ಅದರ ಮೇಲೊಂದು ಹೆಣ್ಣಿನ ಆಕಾರ ಒತ್ತಿತ್ತು. ಕಿರೀಟವಿಲ್ಲ, ಆಯುಧವಿಲ್ಲ, ಎರಡೂ ಕೈ ಇಳಿಬಿಟ್ಟು ಸುಮ್ಮನೆ ನಿಂತವಳು. ಅಂಥದ್ದನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ನೆಲದಲ್ಲಿ ಸಿಕ್ಕ ಚಿನ್ನ ಜೀವ ಕೇಳುತ್ತದೆ, ಇದ್ದಲ್ಲೇ ಹೂತು ಬಾ ಎಂದು ಅಪ್ಪನ ತಾಯಿ, ನಮ್ಮಜ್ಜಿ, ಬೈದಳು. ಅತ್ತೆಗೆ ಎದುರಾಡದ ಅವ್ವ ಆವತ್ತು ಮಾತ್ರ ಕೇಳಲಿಲ್ಲ. ಅವಳಿಗೆ ಹಿಂದಿನ ಚಳಿಗಾಲದಿಂದಲೂ ಕೆಮ್ಮು, ಕೆಮ್ಮಿದರೆ ಸೆರಗಿನಲ್ಲಿ ರಕ್ತ. ಮೈಸೂರಿನ ಡಾಕ್ಟರು ಅಪ್ಪನನ್ನು ಪಕ್ಕಕ್ಕೆ ಕರೆದು ಏನೋ ಹೇಳಿದ್ದರು. ತನ್ನನ್ನು ಉಳಿಸಲು ದೇವಿತಾಯಿಯೇ ಹುಡುಕಿಕೊಂಡು ಬಂದಿದ್ದಾಳೆ ಎಂದು ಅವ್ವ ನಂಬಿದಳು. ಬಿಲ್ಲೆಯನ್ನು ಅಂಟುವಾಳದ ನೊರೆಯಲ್ಲಿ ಉಜ್ಜಿ ಉಜ್ಜಿ ತೊಳೆದು, ಕುಂಕುಮವಿಟ್ಟು, ದೇವರ ಗೂಡಿನಲ್ಲಿ ಕೂರಿಸಿ ದಿನಾ ದೀಪ ಹಚ್ಚಿದಳು. ನಿಜವಾಗಿಯೂ ಅವಳ ಮುಖಕ್ಕೆ ಕಳೆ ಬಂತು, ಒಂದೊಂದು ಹೊತ್ತು ಪೂರ್ತಿ ಮುದ್ದೆ ಉಂಡಳು. ಎಂಟು ಒಂಬತ್ತು ವರ್ಷದ ನಾನೂ ಸೊಂಟದ ಮೇಲಿನ ತಮ್ಮನನ್ನು ಇಳಿಸಿ ಇಬ್ಬರ ಕೈಯನ್ನೂ ಜೋಡಿಸುತ್ತಿದ್ದೆ.

ಕೊರಳಿಗೆ ಕಟ್ಟಿಕೊಂಡರೆ ಬೇಗ ವಾಸಿಯಾದೀತೆಂದು ಅವ್ವ ಅದಕ್ಕೊಂದು ಕೊಂಡಿ ಹಾಕಿಸಲು ಅಪ್ಪನನ್ನು ಪಿರಿಯಾಪಟ್ಟಣದ ಅಕ್ಕಸಾಲಿಯ ಹತ್ತಿರ ಕಳಿಸಿದಳು. ಸಂಜೆ ಬಸ್ಸಿಗೆ ಬಂದ ಅಪ್ಪ ಬಿಲ್ಲೆಯನ್ನು ಅವಳ ಕೈಗಿಟ್ಟು, ಮುಖ ತಪ್ಪಿಸಿ ಕೊಟ್ಟಿಗೆಗೆ ನಡೆದ. ಅಪ್ಪನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಅವ್ವ ಹಿಂದೆಯೇ ಹೋಗಿ ಬಾಯಿ ಬಿಡಿಸಿದಳು. ಅಕ್ಕಸಾಲಿ ಅದನ್ನು ನೋಡಿದವನೇ, ಯಾರಿಗೆ ಎರಡನೇ ಸಂಬಂಧ ಎಂದು ಕೇಳಿದನಂತೆ. ಅದು ದೇವರಲ್ಲವಂತೆ, ಸವತಿ ಬಿಲ್ಲೆಯಂತೆ. ಹೆಂಡತಿ ಸತ್ತ ಗಂಡಸು ಮತ್ತೊಬ್ಬಳನ್ನು ತಂದಾಗ, ಸತ್ತವಳ ರೂಪ ಒತ್ತಿಸಿ ಬಂದವಳ ಕೊರಳಿಗೆ ತಾಳಿಯ ಜೊತೆ ಕಟ್ಟುತ್ತಿದ್ದರಂತೆ. ಅವಳಿಗೆ ಎಡೆ ತೋರಿಸದೆ ಬಂದವಳು ಉಣ್ಣುವಂತಿಲ್ಲ, ಮರೆತರೆ ಸತ್ತವಳು ಕಾಡುತ್ತಾಳಂತೆ. ಅವ್ವ ಒಳಗೆ ಬಂದು ಬಿಲ್ಲೆಯ ಕುಂಕುಮವನ್ನು ಸೆರಗಿನಲ್ಲಿ ಒರೆಸಿ ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದಳು. ಆಮೇಲೆ ಅವಳು ಹೊಲದ ಕಡೆಗೆ ಹೋಗಲೇ ಇಲ್ಲ.

ಕೆಲವು ದಿನ ಕಳೆದ ಮೇಲೆ ಅಪ್ಪನನ್ನೂ ಅಜ್ಜಿಯನ್ನೂ ಕರೆದು ಕೂರಿಸಿದಳು. "ಇನ್ನೊಬ್ಳನ್ನ ತರ್ದೆ ನೀವು ಇರಾಕಿಲ್ಲ, ನಂಗೊತ್ತು. ತನ್ನಿ, ಬ್ಯಾಡ ಅನ್ನಾಕಿಲ್ಲ. ಆದ್ರೆ ಅವಳ ಕೊರಳ್ಗೆ ನನ್ನ ಕಟ್ಬುಡಿ. ನಾನು ಅಲ್ಲಿದ್ರೆ ನನ್ ಮಕ್ಳು ಅಸ್ಕೊಂಡು ಮನಗಾಕಿಲ್ಲ" ಎಂದಳು. ಅಪ್ಪ ತಲೆ ಚಚ್ಚಿಕೊಂಡು ಅತ್ತ. ಅವ್ವ ಬಿಡಲಿಲ್ಲ, ನನ್ನ ತಲೆಯ ಮೇಲೆ ಅವನ ಕೈಯಿಡಿಸಿ ಆಣೆ ಮಾಡಿಸಿಕೊಂಡಳು. ಆಮೇಲೆ ಅವಳು ಆ ಬಿಲ್ಲೆಯನ್ನು ಮುಷ್ಟಿಯಿಂದ ಇಳಿಸಲೇ ಇಲ್ಲ. ನಮ್ಮಿಬ್ಬರ ಹೆಸರನ್ನು ಅದಕ್ಕೆ ಪಿಸುಗುಟ್ಟುತ್ತಿದ್ದಳು, ತಮ್ಮನಿಗೆ ಬಿಸಿ ಹಾಲು ಆಗದು, ನನಗೆ ಸೊಪ್ಪು ಸೇರದು ಎಂದೆಲ್ಲ ಹೇಳಿಕೊಡುತ್ತಿದ್ದಳು. ರಾಗಿ ಕಣಕ್ಕೆ ಬರುವ ಮೊದಲೇ ಹೋಗಿಬಿಟ್ಟಳು. ಅಷ್ಟು ಚಿಕ್ಕ ಬಿಲ್ಲೆಯನ್ನು ಬಿಡಿಸಲು ಅಜ್ಜಿ ಅವ್ವನ ಬೆರಳುಗಳನ್ನು ಒಂದೊಂದಾಗಿ ಎತ್ತಬೇಕಾಯಿತು.

ಆಮೇಲೆ ಅಪ್ಪ ತಂದ ಚಿಕ್ಕವ್ವ ಎಚ್.ಡಿ. ಕೋಟೆ ಕಡೆ ಕಾಡಂಚಿನ ಸಣ್ಣ ಊರಿನವಳು, ಇನ್ನೂ ಹುಡುಗಿ. ಧಾರೆಯ ದಿನ, ಹೊಸ ಕೊಂಡಿ ಹಾಕಿಸಿದ ಆ ಬಿಲ್ಲೆಯನ್ನು ಅಜ್ಜಿ ಕಟ್ಟುವಾಗ ಅವಳು ಕೊರಳನ್ನು ಹಿಂದಕ್ಕೆಳೆದುಕೊಂಡದ್ದನ್ನು ನಾನು ನೋಡಿದೆ. ಪಾಪ, ಅವಳು ನಮಗೆ ಉಣ್ಣಿಸಿದ ಹಾಗೆ ಯಾವ ಹೆತ್ತ ತಾಯಿಯೂ ಉಣ್ಣಿಸಿರಲಾರಳು. ಮೊದಲ ತುತ್ತನ್ನು ಬಿಲ್ಲೆಗೆ ತೋರಿಸಿ ನಮ್ಮ ಬಾಯಿಗಿಡುವಳು. ತುಪ್ಪದ ಕುಡಿಕೆ ಬಳಿದು ನಮ್ಮ ತಟ್ಟೆಗೆ ಹಾಕುವಳು, ತಾನು ತಳ ಹತ್ತಿದ ಸೀಕಲು ತಿನ್ನುವಳು. ಬೇಡವೆಂದರೆ ಅವಳ ಕಣ್ಣಲ್ಲಿ ಭಯ. ಆ ಭಯ ನೋಡಲಾರದೆ ನಾವು ಹೊಟ್ಟೆ ಬಿರಿಯುವ ಹಾಗೆ ತಿಂದು ದುಂಡಗಾದೆವು. ಅವಳ ಮೊದಲ ಕೂಸು ಮಾತ್ರ ಬಾಣಂತನ ಮುಗಿಯುವಷ್ಟರಲ್ಲಿ ತೀರಿಕೊಂಡಿತು. ಹಿರಿಯವಳು ಕಾಡುತ್ತಿದ್ದಾಳೆ ಎಂದು ಊರು ಆಡಿಕೊಂಡಿತು. ಬಿಲ್ಲೆ ಬಿಚ್ಚಿಡು ಎಂದು ಅಪ್ಪ ಹೇಳಿದ, ಬಿಚ್ಚಲು ಅವಳಿಗೆ ಧೈರ್ಯವಿರಲಿಲ್ಲ.

ಎರಡನೆಯ ಕೂಸಿಗೂ ಜ್ವರ ಬಂತು. ಮೂರು ದಿನ ಮೊಲೆ ಹಿಡಿಯದೆ ಬಾಡಿಹೋಯಿತು, ಹುಣಸೂರಿನ ಔಷಧಿಯೂ ನಾಟಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಚಿಕ್ಕವ್ವ ಕೂಸನ್ನು ಮಡಿಲಲ್ಲಿಟ್ಟುಕೊಂಡು ಹಿತ್ತಲ ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು. ನನ್ನನ್ನು ಹತ್ತಿರ ಕರೆದು ಕೈ ಹಿಡಿದುಕೊಂಡಳು. 

"ನಾನು ಯೋಳುದ್ರೆ ಅವರು ನಂಬಾಕಿಲ್ಲ ಕಣವ್ವ. ನೀನೇ ಯೋಳು ನಿಮ್ಮವ್ವಂಗೆ. ನಿಮ್ಗೆ ನಾನು ಏನಾರ ಕಮ್ಮಿ ಮಾಡಿದ್ದೀನಾ, ನೀನೇ ಯೋಳು."

ನನಗೆ ಯೋಚಿಸಲು ಹೊತ್ತಿರಲಿಲ್ಲ. ಕೂಸು ಏದುಸಿರು ಬಿಡುತ್ತಿತ್ತು. ಚಿಕ್ಕವ್ವನ ಕೊರಳಿಗೆ ಬಾಯಿ ಹಚ್ಚಿ, ಬಿಲ್ಲೆ ತುಟಿಗೆ ತಾಗುವಷ್ಟು ಹತ್ತಿರದಿಂದ ಹೇಳಿದೆ: "ಅವ್ವ, ಚಿಕ್ಕವ್ವ ನಮ್ಗೆ ಒಟ್ಟೆ ತುಂಬ ಇಕ್ತವಳೆ. ತಮ್ಮನ್ನ ನಾನು ನೋಡ್ಕೋತೀನಿ. ನೀನು ಓಗವ್ವ."

ಮಾರನೆಯ ದಿನ ಕೂಸು ಹಾಲು ಕುಡಿಯಿತು. ಅಜ್ಜಿ ಕೆನ್ನೆ ಕೆನ್ನೆ ಬಡಿದುಕೊಂಡು ದೇವರಿಗೆ ಕೈಮುಗಿದಳು, ಅಪ್ಪ ಸಂತೆಗೆ ಹೋಗಿ ಬೆಲ್ಲ ತಂದು ಹಂಚಿದ, ಚಿಕ್ಕವ್ವ ನನ್ನನ್ನು ತಬ್ಬಿಕೊಂಡು ಅತ್ತಳು. ಮನೆಯಲ್ಲಿ ಎಲ್ಲರೂ ನಗುತ್ತಿದ್ದರು. ನಾನು ಬೆಲ್ಲದ ಚೂರನ್ನು ಕೈಯಲ್ಲಿ ಹಿಡಿದು ಬಾಗಿಲ ಹಿಂದೆ ನಿಂತಿದ್ದೆ. ಅವ್ವ ನನ್ನ ಮಾತು ಕೇಳಿ ಹೋಗಿಬಿಟ್ಟಿದ್ದಳು.