ಮೆಟ್ಟಿಲ ಮೇಲೆ ಬಂದ ಮಾತು

ಯುದ್ಧಕ್ಕೆ ಹೆದರಿ ಗಡಿ ದಾಟಿ ಬಂದ ಮಕ್ಕಳನ್ನು ಮಾತಾಡಿಸಿ ಮನಸ್ಸಿನ ಭಾರ ಇಳಿಸುವುದು ನಿರಾಶ್ರಿತರ ಕೇಂದ್ರದ ಆ ಸಮಾಲೋಚಕಿಯ ಕೆಲಸ. ಕೆಲಸಕ್ಕೆ ಸೇರಿದ ಹೊಸದರಲ್ಲೇ ಒಬ್ಬ ಅಜ್ಜಿ ತನ್ನ ಮೊಮ್ಮಗಳನ್ನು ಕರೆತಂದಳು. ಹುಡುಗಿಗೆ ಹನ್ನೆರಡಿರಬಹುದು. ಯಾರೋ ಕೊಟ್ಟ ದೊಗಲೆ ನೀಲಿ ಸ್ವೆಟರ್, ತೋಳು ಬೆರಳು ದಾಟಿ ಇಳಿದಿತ್ತು. ಊರು ಬಿಟ್ಟಾಗಿನಿಂದ ಅವಳು ತುಟಿ ಬಿಚ್ಚಿರಲಿಲ್ಲ.

ಮಕ್ಕಳ ಮಾತು ಹೊರಗಿನವರ ಕಿವಿಗೆ ಬೀಳಬಾರದೆಂದು ತರಬೇತಿಯಲ್ಲಿ ಕಲಿಸಿದ್ದರು. ಸಮಾಲೋಚಕಿ ಶ್ರದ್ಧೆಯಿಂದ ಎದ್ದು ಬಾಗಿಲು ಮುಚ್ಚಿ ಚಿಲಕ ಹಾಕಿದಳು. ಮರುಕ್ಷಣ ಹುಡುಗಿ ಮೇಜಿನ ಕೆಳಗೆ ತೂರಿಕೊಂಡಿದ್ದಳು.

“ಅಲ್ಲಮ್ಮಾ, ಬಾಂಬು ಬೀಳೋವಾಗ ನೆಲಮಾಳಿಗೇಲಿ ಚಿಲಕ ಹಾಕ್ಕೊಂಡು ಕೂತಿದ್ದ ಮಗು ಇದು. ನೀನೂ ಚಿಲಕಾನೇ ಹಾಕಿದ್ಯಲ್ಲ,” ಅಂದಳು ಅಜ್ಜಿ.

ಸಮಾಲೋಚಕಿಯ ಮುಖ ಹುಳ್ಳಗಾಯಿತು. ಬಾಗಿಲು ಹಾರುಹೊಡೆದು ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂತಳು. ಈ ಮಗು ಇನ್ನು ಇತ್ತ ತಲೆ ಹಾಕುವುದಿಲ್ಲವೆಂದು ಅವಳಿಗೆ ದಿಗಿಲಾಗಿತ್ತು. ಎಷ್ಟೋ ಹೊತ್ತಿನ ಮೇಲೆ ಹುಡುಗಿ ಮೆಲ್ಲಗೆ ಬಂದು, ಒಂದು ಮೆಟ್ಟಿಲು ಬಿಟ್ಟು ಕೂತಳು.

“ನಿಮಗೂ ಭಯ ಆಯ್ತಾ ಆಂಟಿ?”

“ಆಯ್ತು ಕಣೇ. ನೀನು ಓಡಿಹೋದ್ರೆ ಅಂತ.”

“ಎಲ್ಲಿ ಓಡೋದು? ಅಜ್ಜಿಗೆ ಮಂಡಿ ನೋವು.”

“ಇಷ್ಟು ದಿನಕ್ಕೆ ಬಾಯಿ ಬಿಟ್ಲು, ಅದೂ ನನ್ನ ಮಂಡಿ ಆಡ್ಕೊಳ್ಳೋಕೆ,” ಎಂದು ಬಾಗಿಲಲ್ಲಿ ನಿಂತಿದ್ದ ಅಜ್ಜಿ ನಗುತ್ತಲೇ ಕಣ್ಣೊರೆಸಿಕೊಂಡಳು.

ಹುಡುಗಿ ಆಮೇಲೆ ವಾರವಾರವೂ ಬಂದು, ನೆಲಮಾಳಿಗೆಯ ಕತೆಯನ್ನು ತುಣುಕು ತುಣುಕಾಗಿ ಹೇಳಿದಳು.

ಸಮಾಲೋಚಕಿ ಈಗಲೂ ಅದೇ ಕೇಂದ್ರದಲ್ಲಿದ್ದಾಳೆ. ಎಲ್ಲಿ ಕೂರೋಣ ಎಂದು ಮಕ್ಕಳನ್ನೇ ಕೇಳಿ, ಅವರು ತೋರಿಸಿದ ಕಡೆ ಕೂತು ಮಾತಾಡಿಸುತ್ತಾಳೆ.