ನಾಯಿ ಕೂತ ಅಂಗಳ

ಮೊನ್ನೆ ಬದಿಯಡ್ಕದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ, ಮಳೆಯಲ್ಲಿ ನೆನೆದ ಬೀದಿನಾಯಿಯೊಂದು ತಂಗುದಾಣದೊಳಗೆ ನುಗ್ಗಿ ಮೈ ಕೊಡವಿತು. ಒದ್ದೆ ನಾಯಿಯ ವಾಸನೆ ಗೊತ್ತಲ್ಲ, ಹಳೆಯ ಗೋಣಿಚೀಲಕ್ಕೆ ಜೀವ ಬಂದ ಹಾಗೆ. ಹೆಂಗಸರು ಸೀರೆ ಎತ್ತಿಕೊಂಡು ಹಿಂದೆ ಸರಿದರು. ಒಬ್ಬರು ಕೈಚೀಲ ಬೀಸಿ ಹಚಾ ಹಚಾ ಎಂದರು. ನನಗೆ ಮಾತ್ರ ನಗು ಬಂತು. “ಪಾಪ, ನಮ್ಮ ವಾಸನೆಯನ್ನು ಅದು ಎಷ್ಟು ಸಹಿಸಿಕೊಳ್ತದೋ” ಎಂದು ಪಕ್ಕದಲ್ಲಿ ಯಾರೋ ಹೇಳಿದಂತಾಯಿತು. ಹಾಗೆ ಹೇಳುತ್ತಿದ್ದವರು ಒಬ್ಬರೇ, ನಮ್ಮ ನೆರೆಮನೆಯ ಟೀಚರ್. ಅವರು ತೀರಿಕೊಂಡು ಕೆಲವು ವರ್ಷಗಳಾದವು.

ಟೀಚರ್ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ನೆಕ್ರಾಜೆಯ ಕಡೆ, ಅವರ ಮನೆಯೂ ನಮ್ಮ ಮನೆಯೂ ಒಂದೇ ಬೇಲಿಯ ಆಚೆ ಈಚೆ. ನಿವೃತ್ತಿಯಾದ ಮೇಲೆ ಕೆಲವರು ಭಜನೆಗೆ ಸೇರುತ್ತಾರೆ, ಕೆಲವರು ಗಡಿ ತಕರಾರು ಹಿಡಿದು ಕೋರ್ಟಿಗೆ ಅಲೆಯುತ್ತಾರೆ. ಟೀಚರ್ ಪತ್ತೇದಾರಿ ಕಥೆ ಬರೆಯಲು ಕೂತರು. ಅದೂ ಎಂಥ ಕಥೆ? ಪತ್ತೇದಾರನೂ ನಾಯಿ, ಕಥೆ ಹೇಳುವುದೂ ಅದೇ ನಾಯಿ. ನಮ್ಮ ವಾಚನಾಲಯಕ್ಕೆ ಒಂದು ಕೈಬರಹದ ಪತ್ರಿಕೆ ಇತ್ತು. ಬೇರೆ ಯಾರೂ ಒಪ್ಪದ ಕಾರಣ ನಾನು ಅದರ ಕಾರ್ಯದರ್ಶಿಯಾಗಿದ್ದೆ. ಕಥೆ ಕೊಡುವವರು ಸಿಕ್ಕಿದ್ದೇ ಪುಣ್ಯ ಎಂದು ನಾನು ನಾಯಿಯ ವಿಷಯದಲ್ಲಿ ತಕರಾರು ಮಾಡಲಿಲ್ಲ.

ತಮಾಷೆಯೆಂದರೆ ಟೀಚರಿಗೆ ನಾಯಿಯೆಂದರೆ ಮಹಾ ಹೆದರಿಕೆ. ದಾರಿಯಲ್ಲಿ ಒಂದು ಬಡಕಲು ಮರಿ ಎದುರಾದರೂ ಕೊಡೆಯನ್ನು ಬಿಚ್ಚಿ ಮುಂದೆ ಹಿಡಿದುಕೊಂಡು ನಿಲ್ಲುತ್ತಿದ್ದರು. ಜೀವಮಾನದಲ್ಲಿ ಒಂದೇ ಒಂದು ನಾಯಿ ಸಾಕಿದವರಲ್ಲ. ಹಾಗಿದ್ದೂ ಅವರ ಕಥೆಯ ನಾಯಿಗೆ ಕಟ್ಟುನಿಟ್ಟಾದ ನಿಯಮಗಳಿದ್ದವು. ಅದು ಮೂಗಿಗೆ ಸಿಕ್ಕಿದ್ದನ್ನು ಬಿಟ್ಟು ಬೇರೆ ಏನನ್ನೂ ಹೇಳಬಾರದು. ಅದಕ್ಕೆ ಜನರ ಹೆಸರು ಗೊತ್ತಿರಬಾರದು, ವಾಸನೆ ಮಾತ್ರ ಗೊತ್ತಿರಬೇಕು. ಹಾಗಾಗಿ ಕಥೆಗಳ ತುಂಬ ನೋವಿನೆಣ್ಣೆಯ ಅಜ್ಜ, ಸೀಗೆಕಾಯಿ ಹೆಂಗಸು, ಪೆಟ್ರೋಲು ಹುಡುಗ ಇಂಥವರೇ ಓಡಾಡುತ್ತಿದ್ದರು. ವಾಚನಾಲಯದ ಪುಸ್ತಕಗಳಿಗೆ ಚೀಟಿ ಅಂಟಿಸುತ್ತಿದ್ದ ನಾನು ಅಂಟಿನ ವಾಸನೆಯವನಾಗಿ ಎರಡು ಮೂರು ಕಥೆಗಳಲ್ಲಿ ಬಂದುಹೋದೆ. ಒಂದರಲ್ಲಿ ಕೋಳಿ ಕದ್ದ ಸಂಶಯವೂ ನನ್ನ ಮೇಲೆ ಬಂತು, ಕೊನೆಗೆ ನಾಯಿಯೇ ಬಿಡಿಸಿತು.

ಒಮ್ಮೆ ನಾನು ಕೇಳಿದ್ದೆ, ಈ ನಾಯಿಗೆ ಅರ್ಥವಾಗುವ ಭಾಷೆ ಯಾವುದು ಎಂದು. ಗಡಿನಾಡಾದ ನಮ್ಮ ಊರಿನಲ್ಲಿ ಅದು ಸುಲಭದ ಪ್ರಶ್ನೆಯಲ್ಲ. ಮನೆಯೊಳಗೆ ತುಳು, ಶಾಲೆಯಲ್ಲಿ ಕನ್ನಡ, ಪಂಚಾಯತಿನಲ್ಲಿ ಮಲಯಾಳ. “ಅನ್ನ ಹಾಕುವವರ ಭಾಷೆ” ಎಂದಿದ್ದರು ಟೀಚರ್, ಪೆನ್ನು ಎತ್ತದೆ.

ಆ ವರ್ಷ ಬೇಸಗೆಯಲ್ಲಿ ದುಬಾಯಿ ಮನೆಯಲ್ಲಿ ಕಳ್ಳತನವಾಯಿತು. ಯಜಮಾನ ದುಬಾಯಿಯಲ್ಲಿದ್ದುದರಿಂದ ಎಲ್ಲರೂ ಹಾಗೆ ಕರೆಯುತ್ತಿದ್ದ ಮನೆ. ಮನೆಯವರೆಲ್ಲ ಬೆಳಿಗ್ಗೆ ಮಧೂರಿಗೆ ಪೂಜೆಗೆಂದು ಹೋಗಿ ಬರುವಷ್ಟರಲ್ಲಿ ಯಾರೋ ಕಪಾಟು ಒಡೆದು ಯಜಮಾನಿಯ ಚಿನ್ನದ ಸರ ಒಯ್ದಿದ್ದರು. ಪೊಲೀಸರು ಬಂದರು, ಅವರ ಜೊತೆಗೆ ನಾಯಿಯೂ ಬಂತು. ನಮ್ಮಲ್ಲಿ ಪೊಲೀಸ್ ನಾಯಿ ಬಂದದ್ದು ಅದೇ ಮೊದಲು. ಊರಿಗೆ ಊರೇ ಕೆಲಸ ಬಿಟ್ಟು ಸೇರಿತು. ನಾನೂ ಹೋದೆ. ಟೀಚರ್ ಮಾತ್ರ ಆ ದಿನ ಅಗಲ್ಪಾಡಿಯ ತಮ್ಮನ ಮನೆಯಲ್ಲಿದ್ದರು.

ನಾಯಿ ಕಪಾಟನ್ನು ಮೂಸಿತು, ಹಿಂಬಾಗಿಲಿನಿಂದ ಹೊರಗೆ ಬಂತು, ಬೇಲಿಯ ತಡಮೆ ಹಾರಿ ನೇರ ಹಪ್ಪಳದಕ್ಕನ ಅಂಗಳಕ್ಕೆ ಹೋಯಿತು. ನಾಯಿಯ ಹಿಂದೆ ಅದರ ಪೊಲೀಸ್, ಪೊಲೀಸಿನ ಹಿಂದೆ ಎಸ್ಸೈ, ಎಸ್ಸೈ ಹಿಂದೆ ನಾವು. ಹಪ್ಪಳದಕ್ಕ ಗಂಡ ಹೋದ ಮೇಲೆ ಹಲಸಿನ ಹಪ್ಪಳ ಮಾಡಿ, ಮದುವೆ ಮನೆಗಳಿಗೆ ಕೊಟ್ಟು ಜೀವನ ಸಾಗಿಸುತ್ತಿದ್ದವರು. ಅವರ ಅಂಗಳ ಊರಿನವರಿಗೆಲ್ಲ ರಸ್ತೆಗೆ ಹೋಗುವ ಒಳದಾರಿ. ಅವರು ಚಾಪೆಯ ಮೇಲೆ ಹಪ್ಪಳ ಹರಡುತ್ತಿದ್ದರು. ಕಾಕಿ ಕಂಡು ಗಡಬಡಿಸಿ ಎದ್ದರು. ಮನೆಮಾತು ತುಳುವಾದರೂ ದೊಡ್ಡವರ ಹತ್ತಿರ ಅವರು ಕನ್ನಡವನ್ನೇ ಆಡುತ್ತಿದ್ದರು. “ಇರಿ, ಇರಿ, ಕುಡಿಲಿಕ್ಕೆ ನೀರು ತರ್ತೇನೆ” ಎನ್ನುತ್ತ ಒಳಗೆ ತಿರುಗಿದರು. ನಾಯಿ ಅಂಗಳದ ನಡುವೆ ಕೂತುಬಿಟ್ಟಿತು.

ಮನೆಯೆಲ್ಲ ಹುಡುಕಿದರು. ಅಕ್ಕಿಯ ಡಬ್ಬಿಗೂ ಕೈ ಹಾಕಿದರು. ಏನೂ ಸಿಗಲಿಲ್ಲ. ಪೊಲೀಸರು ಬಂದ ಹಾಗೆ ಹೋದರು. ಊರು ಹಾಗೆ ಬಿಡುತ್ತದೆಯೇ? “ನಾಯಿ ಸುಮ್ಮನೆ ಕೂರ್ತದಾ ಮಾರಾಯ?” ಎಂಬ ಒಂದು ಮಾತು ಹೋಟೆಲಿನಿಂದ ಹೊರಟು ಎಲ್ಲ ಮನೆಗಳ ಜಗಲಿ ಹತ್ತಿತು. ಮನುಷ್ಯರು ಹೇಳಿದ್ದರೆ ಜಗಳವಾಡಬಹುದಿತ್ತು, ನಾಯಿಯ ಹತ್ತಿರ ಏನೆಂದು ವಾದಿಸುವುದು? ಮದುವೆ ಮನೆಯವರು ಮೊದಲೇ ಹೇಳಿಟ್ಟಿದ್ದ ಹಪ್ಪಳ ಬೇಡವೆಂದರು. ಅಂಗಡಿಯವರು ಮೊದಲಿನದೇ ಖರ್ಚಾಗಲಿಲ್ಲ ಎಂದರು. ಅಂಗಳದ ಒಳದಾರಿಯಲ್ಲಿ ಜನ ನಡೆಯುವುದನ್ನೇ ಬಿಟ್ಟರು. ಸುತ್ತು ಬಳಸಿ ರಸ್ತೆಗೆ ಹೋದರು. ಮೊದಲ ಮಳೆ ಬಿದ್ದಾಗ ಆ ದಾರಿಯಲ್ಲಿ ಹುಲ್ಲು ಬಂತು...

ಟೀಚರ್ ಅಗಲ್ಪಾಡಿಯಿಂದ ಬಂದವರೇ ನನ್ನನ್ನು ಕರೆಸಿದರು. ನೋಡಿದ್ದನ್ನು ಮಾತ್ರ ಹೇಳಬೇಕು, ಊಹಿಸಿದ್ದು ಬೇಡ ಎಂದರು. ನಾನು ಹೇಳಿದೆ. ಒಂದು ಕಡೆ ನನ್ನನ್ನು ತಡೆದು, ಹಪ್ಪಳದಕ್ಕ ಆಡಿದ ಮಾತನ್ನು ಮತ್ತೊಮ್ಮೆ ಹೇಳಿಸಿದರು. ಆಮೇಲೆ, ನಾಯಿ ಹಿಡಿದಿದ್ದ ಪೊಲೀಸ್ ಯಾವ ಕಡೆಯವನು ಎಂದು ಕೇಳಿದರು. ತೆಂಕಿನವನು, ಅಚ್ಚ ಮಲಯಾಳ, ನಾಯಿಯ ಹತ್ತಿರವೂ ಅದೇ ಎಂದೆ. ಟೀಚರ್ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಅವರಿಗೆ ಖುಷಿಯಾದರೆ ಹಾಗೆ ಮಾಡುತ್ತಿದ್ದರು.

ವಾಚನಾಲಯದ ವಾರ್ಷಿಕೋತ್ಸವದ ಸಂಜೆ ಅವರು ಹೊಸ ಕಥೆ ಓದಿದರು. ಈ ಸಲ ಹೇಳುತ್ತಿದ್ದುದು ಊರ ನಾಯಿಯಲ್ಲ, ಪೊಲೀಸ್ ನಾಯಿ. ಆ ಭಾಗ ನನಗೆ ಇನ್ನೂ ಹೆಚ್ಚುಕಡಿಮೆ ಬಾಯಿಪಾಠ:

“ಕಪಾಟಿಗೆ ಮೂಗು ಹಚ್ಚಿದೆ. ಬೆವರು, ತಂಬಾಕು, ತುಕ್ಕು. ಅಷ್ಟು ಸಾಕಿತ್ತು. ಹಿತ್ತಿಲು ದಾಟಿದೆ, ತಡಮೆ ಹಾರಿದೆ. ಹಲಸಿನ ವಾಸನೆಯ ಅಂಗಳದಲ್ಲಿ ಊರಿನವರೆಲ್ಲರ ಕಾಲಿನ ವಾಸನೆಯಿತ್ತು. ಅವುಗಳ ನಡುವೆ ನನ್ನ ತಂಬಾಕಿನವನು ರಸ್ತೆಯ ಕಡೆಗೆ ಹೋಗಿದ್ದ. ನಾನೂ ಹೊರಟಿದ್ದೆ. ಅಷ್ಟರಲ್ಲಿ ಹಲಸಿನ ಹೆಂಗಸು ‘ಇರಿ’ ಎಂದಳು. ನನಗೆ ಅನ್ನ ಹಾಕುವವನು ದಿನಾ ಹೇಳುವ ಮಾತು ಅದು. ಅವನ ಮಲಯಾಳದಲ್ಲಿ ಇರಿ ಎಂದರೆ ಕೂರು. ಕೂತೆ. ಅವಳ ಕನ್ನಡದಲ್ಲಿ ಅದಕ್ಕೆ ಸ್ವಲ್ಪ ನಿಲ್ಲಿ ಎಂದು ಅರ್ಥವಂತೆ. ಚೂರಿಯಿಂದ ಚುಚ್ಚು ಎಂಬ ಅರ್ಥವೂ ಉಂಟಂತೆ. ನನಗೆ ಅಷ್ಟು ಕನ್ನಡ ಬರುವುದಿಲ್ಲ, ಪೊಲೀಸರ ಪುಣ್ಯ. ನಾನು ಕೂತದ್ದನ್ನು ಕಂಡು ಎಲ್ಲರೂ ಆ ಹೆಂಗಸನ್ನು ನೋಡಿದರು. ರಸ್ತೆಯನ್ನು ಯಾರೂ ನೋಡಲಿಲ್ಲ. ತಂಬಾಕಿನವನು ಬಸ್ಸು ಹತ್ತಿ ಹೋಗಿರಬೇಕು.”

ಅಂದು ಅಂಗಳದಲ್ಲಿ ನಾವೆಲ್ಲ ಇದ್ದೆವು, ಆ ಮಾತನ್ನು ಕಿವಿಯಾರೆ ಕೇಳಿದ್ದೆವು. ಕಥೆ ಮುಗಿದಾಗ ಎದ್ದ ನಗುವಿಗೆ ವಾಚನಾಲಯದ ತಗಡಿನ ಮಾಡು ನಡುಗಿತು. ಮಲಯಾಳದವರು ಒಂದು ಕೈ ಹೆಚ್ಚೇ ನಕ್ಕರು. “ಸಾವು ಮಾರಾಯ, ಇರಿ ಅಂದದ್ದಕ್ಕೆ ಕೂತದ್ದಾ ಅದು!” ಎಂದು ಒಬ್ಬರ ಬೆನ್ನಿಗೆ ಒಬ್ಬರು ಹೊಡೆದರು. ಮರುದಿನದಿಂದ ಮಕ್ಕಳು ಕಂಡ ಕಂಡ ನಾಯಿಗೆಲ್ಲ ಇರಿ ಇರಿ ಎಂದು ಹೇಳಿ ನೋಡಿದರು. ನಮ್ಮ ಊರಿನ ನಾಯಿಗಳು ಯಾವ ಭಾಷೆಯಲ್ಲಿ ಹೇಳಿದರೂ ಕೇಳುವ ಜಾತಿಯವಲ್ಲ.

ಜನ ಮತ್ತೆ ಆ ಅಂಗಳದಲ್ಲಿ ನಡೆಯತೊಡಗಿದರು. ಹುಲ್ಲು ಸವೆಯಿತು. ಹಪ್ಪಳಕ್ಕೂ ಜನ ಬಂದರು. ಹೋಗುವಾಗ ಬರುವಾಗ, “ಅಕ್ಕ, ನೀವು ಮಾತ್ರ ಇರಿ ಅಂತ ಹೇಳ್ಬೇಡಿ ಆಯ್ತಾ, ಕೂತ್ರೆ ಏಳ್ಲಿಕ್ಕೆ ಆಗ್ಲಿಕ್ಕಿಲ್ಲ” ಎಂದು ತಮಾಷೆ ಮಾಡುತ್ತಿದ್ದರು. ಎಲ್ಲ ಸುಖಾಂತ್ಯವಾಯಿತು ಎಂದುಕೊಂಡೆವು. ಟೀಚರಿಗಂತೂ ಹೆಮ್ಮೆ. ಪತ್ತೇದಾರಿ ಕಥೆಯಿಂದ ಒಬ್ಬರ ಮಾನ ಉಳಿಯಿತಲ್ಲ ಎಂದು ಅವರು ಬಾಯಿಬಿಟ್ಟು ಹೇಳದಿದ್ದರೂ ಕನ್ನಡಕವನ್ನು ಮೇಲಿಂದ ಮೇಲೆ ಒರೆಸುತ್ತಿದ್ದರು.

ಒಂದು ದಿನ ನಾನು ಟೀಚರ ಜಗಲಿಯಲ್ಲಿ ಇದ್ದಾಗ ಹಪ್ಪಳದಕ್ಕ ಬಂದರು. ಒಂದು ಕಟ್ಟು ಹಪ್ಪಳ ಇಟ್ಟರು. ಕೂರಲಿಲ್ಲ.

“ಟೀಚರೇ, ಕಥೆ ಲಾಯ್ಕ ಉಂಟಂತೆ. ಎಲ್ಲರೂ ನಗ್ತಾರೆ,” ಎಂದರು. “ನಾಯಿದು ತಪ್ಪಿಲ್ಲ ಅಂತ ಆಯ್ತು. ಆದ್ರೆ ನಾನು ಕದ್ದಿಲ್ಲ ಅಂತ ಯಾರೂ ಹೇಳ್ಲಿಲ್ಲ.”

“ಅದು ಕಥೆಯಲ್ಲೇ ಉಂಟಲ್ಲ ಮಾರಾಯ್ತಿ.”

“ಕಥೆಯಲ್ಲಿ ಉಂಟು,” ಎಂದರು ಹಪ್ಪಳದಕ್ಕ.

ಅವರು ಹೋದ ಮೇಲೆ ಟೀಚರ್ ಕಥೆಯ ಹಾಳೆಗಳನ್ನು ತಂದು ಮತ್ತೆ ಓದತೊಡಗಿದರು. ನಾನೂ ಯೋಚಿಸಿದೆ. ಹೌದು, ಅಷ್ಟೂ ಜನ ನಾಯಿಯ ಬಗ್ಗೆ ಮಾತಾಡಿದ್ದರು, ಇರಿ ಎಂಬ ಮಾತಿನ ಬಗ್ಗೆ ಮಾತಾಡಿದ್ದರು. ಆ ಹೆಂಗಸಿನ ಬಗ್ಗೆ ಒಬ್ಬರೂ ಏನೂ ಹೇಳಿರಲಿಲ್ಲ. ನಕ್ಕದ್ದರಲ್ಲೇ ಎಲ್ಲ ಮುಗಿಸಿದ್ದರು. ಸರ ಸಿಕ್ಕಿರಲಿಲ್ಲ, ಕಳ್ಳನೂ ಸಿಕ್ಕಿರಲಿಲ್ಲ.

ಮರುದಿನ ಬೆಳಿಗ್ಗೆ ಹಾಲಿನ ಸೊಸೈಟಿಯಲ್ಲಿ ಎಲ್ಲರೂ ನಿಂತಿದ್ದಾಗ ಟೀಚರ್ ನೇರವಾಗಿ ದುಬಾಯಿ ಮನೆಯ ಯಜಮಾನಿಯ ಮುಂದೆ ಹೋಗಿ ನಿಂತರು. ಹಪ್ಪಳದಕ್ಕ ಕದ್ದಿಲ್ಲ ಎಂದರು, ಪಾಠ ಓದುವ ಸ್ವರದಲ್ಲಿ.

“ಅಯ್ಯೋ ಟೀಚರ್, ಕದ್ದದ್ದು ಅಂತ ನಾನೆಲ್ಲಿ ಹೇಳಿದೆ? ನಾಯಿ ಕೂತದ್ದಲ್ವಾ?”

“ನಾಯಿಗೆ ಬಾಯಿಲ್ಲ. ನಿಮಗೆ ಉಂಟು. ಕದ್ದಿಲ್ಲ ಅಂತ ಒಮ್ಮೆ ಹೇಳಿ.”

ಯಜಮಾನಿ ಹಾಲಿನ ತಂಬಿಗೆ ಎತ್ತಿಕೊಂಡು ಹೋದರು. ಮುಂದಿನ ಅಷ್ಟಮಿಗೆ ಹಪ್ಪಳದಕ್ಕನಿಂದ ಬೇಕಾದಷ್ಟು ಹಪ್ಪಳ ತರಿಸಿಕೊಂಡರು, ಚೌತಿಗೂ ತರಿಸಿಕೊಂಡರು. ಆ ಒಂದು ಮಾತನ್ನು ಮಾತ್ರ ಹೇಳಲಿಲ್ಲ. ಕೆಟ್ಟವರೇನಲ್ಲ. ಹಪ್ಪಳ ಕೊಂಡದ್ದರಲ್ಲೇ ಆ ಮಾತೂ ಬಂತು ಎಂದು ಅವರು ತಿಳಿದಿರಬೇಕು. ಊರಿನವರೂ ಹಾಗೆಯೇ ತಿಳಿದಿದ್ದರು.

ಟೀಚರ್ ಮಾತ್ರ ಬಿಡಲಿಲ್ಲ. ರೇಷನ್ ಅಂಗಡಿಯಲ್ಲಿ ಹೇಳಿದರು, ಬಸ್ಸಿನಲ್ಲಿ ಹೇಳಿದರು, ಮದುವೆ ಊಟದ ಪಂಕ್ತಿಯಲ್ಲಿ ಎಲೆಗೆ ಹಪ್ಪಳ ಬಿದ್ದಾಗಲೂ ಹೇಳಿದರು. ಕೇಳಿದವರು ಮೊದಮೊದಲು ತಲೆಯಾಡಿಸಿದರು, ಆಮೇಲೆ ನಕ್ಕರು, ಕೊನೆಗೆ ಟೀಚರಿಗೆ ಅರಳುಮರಳು ಎಂದರು. ಪತ್ರಿಕೆಗೆ ಕಥೆ ಕೇಳಲು ಹೋದರೆ ಟೀಚರ್ ನನ್ನನ್ನು ಬರಿಗೈಯಲ್ಲಿ ಕಳಿಸಿದರು. ನಾಯಿಯ ಬಾಯಿಂದ ಹೇಳಿಸಿದ್ದು ಸಾಕು ಎಂದರು. ನನಗೆ ಆಗ ಬೇಸರವಾಗಿತ್ತು, ಪತ್ರಿಕೆಯ ಸಲುವಾಗಿ. ಆಮೇಲೆ ಅವರು ಒಂದೂ ಕಥೆ ಬರೆಯಲಿಲ್ಲ. ಪತ್ರಿಕೆಯೂ ನಿಂತಿತು. ಮತ್ತೊಂದು ಬೇಸಗೆಯಲ್ಲಿ ಟೀಚರ್ ಹಾಸಿಗೆ ಹಿಡಿದರು, ಹೆಚ್ಚು ದಿನ ಮಲಗಲಿಲ್ಲ...

ಮೊನ್ನೆ ನಾನು ಬಸ್ಸಿಗೆ ಕಾಯುತ್ತಿದ್ದುದು ಊರಿಗೆ ಹೋಗಲಿಕ್ಕೇ. ಈಗ ನಾನಿರುವುದು ಕಾಸರಗೋಡು ಪೇಟೆಯಲ್ಲಿ, ಹೋಗುವುದು ಅಪರೂಪ. ಬಸ್ಸಿಳಿದು ಹಪ್ಪಳದಕ್ಕನ ಅಂಗಳದಿಂದಲೇ ನಡೆದೆ. ಅಂಗಳಕ್ಕೆ ಸಿಮೆಂಟಿನ ಕಲ್ಲು ಹಾಸಿದ್ದಾರೆ. ಅಕ್ಕನಿಗೆ ಬೆನ್ನು ಬಾಗಿದೆ, ಹಪ್ಪಳ ಮಾಡುವುದು ಈಗಲೂ ಉಂಟು. ನೀರು ಬೆಲ್ಲ ಕೊಟ್ಟರು. ದುಬಾಯಿ ಮನೆಯವರು ಮನೆ ಮಾರಿ ಹೋದ ಸುದ್ದಿ ಹೇಳಿದರು. ಟೀಚರ ಮಾತು ತೆಗೆದದ್ದು ನಾನೇ. ಒದ್ದೆ ನಾಯಿಯನ್ನು ಕಂಡದ್ದನ್ನು ಹೇಳಿದೆ. ಅವರು ನಗಲಿಲ್ಲ. ಮಳೆಗೆಂದು ಜಗಲಿಯೊಳಗೆ ಎಳೆದಿದ್ದ ಚಾಪೆಯ ಮೇಲಿನ ಒಂದು ಹಪ್ಪಳವನ್ನು ಮಗುಚಿ ಹಾಕಿದರು.

“ಅವರಿರುವಾಗ ಊರಲ್ಲಿ ಒಬ್ರಾದ್ರೂ ಹೇಳ್ತಿದ್ರು ಮಗಾ,” ಎಂದರು. “ಈಗ ಹೇಳುವವರಿಲ್ಲ.”

ಇಷ್ಟು ವರ್ಷ ಅಕ್ಕ ಆ ಮಾತಿಗಾಗಿ ಕಾಯುತ್ತಲೇ ಇದ್ದರು ಎಂದು ನನಗೆ ಗೊತ್ತಿರಲಿಲ್ಲ. ಟೀಚರಿಗೆ ಗೊತ್ತಿತ್ತು. ಅವರಿಲ್ಲದ್ದು ನನಗೆ ನಿಜವಾಗಿ ತಟ್ಟಿದ್ದು ಆಗ. ನನಗೆ ಕಥೆ ಕಟ್ಟಲು ಬರುವುದಿಲ್ಲ. ಹಾಗಾಗಿ ಇಲ್ಲಿ ನೇರವಾಗಿಯೇ ಬರೆಯುತ್ತಿದ್ದೇನೆ. ಹಪ್ಪಳದಕ್ಕ ಕದ್ದಿಲ್ಲ.