ಹೊಲಿದ ಬಾಯಿಯ ಸ್ಟೇಷನ್ ಮಾಸ್ತರ

ಗೊಂಬೆಗೆ ಕಣ್ಣು ಹೊಲಿಯುವ ಮೊದಲು ಮೌಶಿ ಅದನ್ನು ಇಡೀ ದಿನ ಕಿಟಕಿಯಲ್ಲಿ ಕೂರಿಸುತ್ತಿದ್ದಳು. ಕಣ್ಣಿನ ಕಪ್ಪು ಬಿಲ್ಲೆಗಳು, ಹುಬ್ಬಿನ ತುಂಡುಗಳು, ಮೂಗಿನ ಉಂಡೆ, ಎಲ್ಲವನ್ನೂ ಗುಂಡುಸೂಜಿಯಿಂದ ಚುಚ್ಚಿ ನಿಲ್ಲಿಸಿ, ಒಲೆಗೂ ನಲ್ಲಿಗೂ ಓಡಾಡುವಾಗ ಅದರ ಕಡೆ ಒಮ್ಮೆ ನೋಡಿ ಹೋಗುತ್ತಿದ್ದಳು. ಒಂದು ಕಣ್ಣು ಜೋಳದ ಕಾಳಿನಷ್ಟು ಮೇಲೆ ಸರಿದರೂ ಮುಖದ ಭಾವ ಬೇರೆಯಾಗುತ್ತದೆ. "ಎದುರಿಗೆ ಕುಂತು ನೋಡಿದರ ನಮ್ಮ ಕಣ್ಣು ಸುಳ್ಳ ಹೇಳ್ತದ. ಹೊಂಟ ಹೋಗುವಾಗ ನೋಡಬೇಕು" ಎನ್ನುತ್ತಿದ್ದಳು. ಒಂದು ಕಡೆಯ ಸೂಜಿ ಕಿತ್ತು ಇನ್ನೊಂದು ಕಡೆ ಚುಚ್ಚುತ್ತಿದ್ದಳು. ಸಂಜೆಯ ಹೊತ್ತಿಗೆ ಮುಖದ ತುಂಬ ತೂತು. ರೋಮದ ಬಟ್ಟೆಯಾದ್ದರಿಂದ ಬೆರಳಾಡಿಸಿದರೆ ಮುಚ್ಚಿಹೋಗುತ್ತಿದ್ದವು.

ಆ ಕಿಟಕಿ ಓಣಿಯ ಕಡೆಗಿತ್ತು.

ಮೌಶಿ ಎಂದರೆ ನನ್ನ ತಾಯಿಯ ತಂಗಿ. ಸಿಮೆಂಟ್ ಕಾರ್ಖಾನೆಯ ಕಾಲೊನಿಯಲ್ಲಿ ಹೆಂಗಸರಿಗೆ ಹೊಲಿಗೆ ಕಲಿಸಿ, ನಿವೃತ್ತಿಯಾದ ಮೇಲೆ ಸೇಡಂನಲ್ಲಿ ಬಾಡಿಗೆ ಮನೆ ಹಿಡಿದವಳು. ಮದುವೆಯಾಗಿರಲಿಲ್ಲ. ಓಣಿಯವರಿಗೆಲ್ಲ ಆಕೆ ಅಕ್ಕೋರು. ನಾನು ವಾಡಿಯಲ್ಲಿರುತ್ತೇನೆ. ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ಓದಿ, ಸಂಶೋಧನೆ ಅರ್ಧಕ್ಕೆ ಬಿಟ್ಟು, ಈಗ ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ. ರಜೆ ಸಿಕ್ಕರೆ ಪ್ಯಾಸೆಂಜರ್ ಹತ್ತಿ, ಚಿತ್ತಾಪುರ ದಾಟಿ, ಮೌಶಿಯ ಮನೆಗೆ ಹೋಗಿಬಿಡುತ್ತಿದ್ದೆ. ಗೊಂಬೆಯ ಕೆಲಸ ನಮ್ಮಿಬ್ಬರದು.

ನಾನು ಚಿಕ್ಕವನಿದ್ದಾಗ ಶಹಾಬಾದಿನ ನಮ್ಮ ಮನೆಗೆ ಒಂದು ಮಕ್ಕಳ ವಾರಪತ್ರಿಕೆ ಬರುತ್ತಿತ್ತು. ಈಗ ಅದು ನಿಂತುಹೋಗಿದೆ. ಅದರ ಕೊನೆಯ ಪುಟದ ವ್ಯಂಗ್ಯಚಿತ್ರದಲ್ಲಿ ಒಬ್ಬ ಸ್ಟೇಷನ್ ಮಾಸ್ತರ ಇದ್ದ. ಗಡಿಗೆಯಂಥ ತಲೆ, ತಟ್ಟೆಯಂಥ ಕಣ್ಣು, ಕೈಯಲ್ಲಿ ಹಸಿರು ಬಾವುಟ. ಯಾವ ರೈಲೂ ಅವನ ಸ್ಟೇಷನ್ನಿನಲ್ಲಿ ನಿಲ್ಲುತ್ತಿರಲಿಲ್ಲ. ಅವನು ಮೂಕ. ಬಾಯಿಯ ಜಾಗದಲ್ಲಿ ಒಂದು ಅಡ್ಡಗೆರೆ, ಅದರ ಮೇಲೆ ಸಾಲಾಗಿ ಹೊಲಿಗೆ ಹಾಕಿದಂತೆ ಗೀಟುಗಳು. ಹಾಗೆಂದು ನನಗೆ ನೆನಪಿತ್ತು. ನಾವು ಅವನ ಗೊಂಬೆ ಮಾಡಲು ಚಿತ್ರಕಾರರ ಮಗಳು ಸಂತೋಷದಿಂದ ಒಪ್ಪಿಗೆ ಕೊಟ್ಟರು, ಆದರೆ ಅವರ ಮನೆಯಲ್ಲಿ ಹಳೆಯ ಸಂಚಿಕೆ ಒಂದೂ ಉಳಿದಿರಲಿಲ್ಲ. ನಾನೇ ನೆನಪಿನಿಂದ ಚಿತ್ರ ಬರೆದೆ. ಮೌಶಿ ಅದನ್ನು ಕಾಗದದ ಅಚ್ಚುಗಳಾಗಿ ಕತ್ತರಿಸಿ, ಬಟ್ಟೆ ಒಳಮೈ ಮಾಡಿ ಹೊಲಿದು, ತಿರುವಿ, ದಿಂಬಿಗೆ ತುಂಬುವ ಹತ್ತಿಯನ್ನು ಕಡ್ಡಿಯಿಂದ ಒತ್ತಿ ತುಂಬಿ, ಅವನನ್ನು ಎಬ್ಬಿಸಿ ಕೂರಿಸಿದಳು. ಹಳೆಯ ವ್ಯಂಗ್ಯಚಿತ್ರಗಳ ಗೊಂಬೆಗಳನ್ನು ಕೂಡಿಡುವ ಜನ ಪುಣೆಯಿಂದ, ಮೈಸೂರಿನಿಂದ ಫೋನಿನಲ್ಲಿ ಕೇಳಿ ತರಿಸಿಕೊಂಡರು. "ಇವನೇ, ಥೇಟ್ ಇವನೇ" ಎಂದು ಒಬ್ಬರು ಬರೆದರು. ಬಾಯಿ ಹೀಗಿರಲಿಲ್ಲ ಎಂದು ಯಾರೂ ಬರೆಯಲಿಲ್ಲ.

ಎದುರು ಮನೆಯ ಸೊಸೆಗೆ ಮೈ ಸೆಟೆಯತೊಡಗಿದ್ದು ಬೇಸಿಗೆಯ ಆರಂಭದಲ್ಲಿ. ನಿಂತಲ್ಲೇ ಬಿದ್ದು ಬಿಲ್ಲಿನಂತೆ ಬಾಗುತ್ತಿದ್ದಳಂತೆ. ಆಮೇಲೆ ಎಷ್ಟೋ ಹೊತ್ತು ಹಲ್ಲು ಬಿಡಿಸಲು ಆಗುತ್ತಿರಲಿಲ್ಲವಂತೆ. ಒಂದು ಮಧ್ಯಾಹ್ನ ಅವಳ ಅತ್ತೆ ನಮ್ಮ ಬಾಗಿಲಿಗೆ ಬಂದಳು. ನಲ್ಲಿಯ ಸರದಿಗಾಗಿ ಮೌಶಿಯ ಜೊತೆ ದಿನವೂ ಜಗಳವಾಡುವ ಹೆಂಗಸು. ಅವತ್ತು ಹೊಸ್ತಿಲ ಆಚೆಯೇ ನಿಂತಳು.

"ಒಳಗ ಬಾರವ್ವ, ಕುಂದ್ರು. ಯಾಕ, ಇವತ್ತ ಜಗಳಕ್ಕ ಪುರಸೊತ್ತ ಇಲ್ಲೇನು?" ಎಂದಳು ಮೌಶಿ.

ಆಕೆ ನಗಲಿಲ್ಲ. ಕಿಟಕಿಯ ಕಡೆ ಕೈ ಮಾಡಿದಳು, ಬೆರಳು ತೋರಿಸದೆ, ಮುಷ್ಟಿಯಲ್ಲೇ. "ಸಿಟ್ಟಾಗಬ್ಯಾಡ್ರಿ ಅಕ್ಕೋರ. ಅದರ ಬಾಯಿ ಯಾಕ ಹೊಲದೀರಿ?"

"ಅಂವ ಮೂಕ ಅದಾನವ್ವ. ಪೇಪರಿನ್ಯಾಗಿನ ಮಾಸ್ತರ."

"ಸೂಜಿ ಯಾಕ ಚುಚ್ಚೀರಿ?"

"ಚುಚ್ಚಲಿಲ್ಲಂದ್ರ ಕಣ್ಣ ಹ್ಯಾಂಗ ನಿಂದರ್ತಾವ?"

ನಾನು ಫೋನಿನಲ್ಲಿ ಗೊಂಬೆ ಕೊಂಡವರ ಮನೆಯ ಫೋಟೋಗಳನ್ನು ತೋರಿಸಿದೆ. ಇದು ಫಿಟ್ಸ್, ಕಲಬುರಗಿಯ ದವಾಖಾನೆಗೆ ಕರೆದುಕೊಂಡು ಹೋಗಿ ಎಂದೆ. ಆಕೆ "ಹೂಂರಿ ಸರ್" ಎನ್ನುತ್ತಲೇ ಇದ್ದಳು, ಕಣ್ಣು ಮಾತ್ರ ಕಿಟಕಿ ಬಿಟ್ಟು ಕದಲಲಿಲ್ಲ.

ಬಾನಾಮತಿ ಎಂಬ ಮಾತನ್ನು ಆಕೆ ಆಡಲಿಲ್ಲ. ನಮ್ಮ ಕಡೆ ಅದನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಬಟ್ಟೆಯ ಗೊಂಬೆ ಮಾಡಿ, ಸೂಜಿ ಚುಚ್ಚಿ, ಬೇಡದವರ ಮೈಯನ್ನು ಹಿಂಡುವ ಮಾಟ ಅದು. ಅದನ್ನು ಮಾಡಿದವಳು ಇವಳೇ ಎಂದು ಒಮ್ಮೆ ತೀರ್ಮಾನವಾದರೆ, ಮಂತ್ರ ಹೇಳಲು ಬಾರದಂತೆ ಅವಳ ಹಲ್ಲು ಉದುರಿಸುತ್ತಿದ್ದರು ಎಂಬ ಮಾತನ್ನು ಕೇಳಿಯೇ ನಾನು ಬೆಳೆದದ್ದು. ಓದಿದ ಮೇಲೆ ಅದನ್ನು ಗುಂಪಿನ ಭಯ ಎಂದು ತರಗತಿಯಲ್ಲಿ ವಿವರಿಸಿದ್ದೂ ಉಂಟು.

ಮುಂದಿನ ಸಲ ಹೋದಾಗ ನಲ್ಲಿಯ ಮುಂದೆ ಮೌಶಿಯ ಕೊಡದ ಹಿಂದೆ ಯಾರೂ ಕೊಡ ಇಟ್ಟಿರಲಿಲ್ಲ. ಸೀರೆಗೆ ಫಾಲ್ ಹಚ್ಚಿಸಲು ಬರುವ ಹುಡುಗಿಯರೂ ಬಂದಿರಲಿಲ್ಲ. ಮೌಶಿ ಗೊಂಬೆಯನ್ನು ಕಿಟಕಿಯಿಂದ ತೆಗೆದಿರಲಿಲ್ಲ. "ತೆಗದರ ಮುಚ್ಚಿಟ್ಟಾಳ ಅಂತಾರ" ಎಂದಳು. ಸ್ಟೇಷನ್ನಿಗೆ ಹೊರಟಾಗ ಹಾಲಿನವನು ಸೈಕಲ್ ನಿಲ್ಲಿಸಿ, ನನ್ನ ಮುಖ ನೋಡದೆ ಹೇಳಿದ: "ಸರ್, ಅಮಾಸಿಗೆ ತೆಲಂಗಾಣದ ಕಡಿಂದ ತೆಗೆಯಾಂವ ಬರಾಕತ್ತಾನ. ಅಕ್ಕೋರನ್ನ ಅದರಕಿನ ಮೊದಲ ನಿಮ್ಮೂರಿಗೆ ಕರಕೊಂಡ ಹೋಗ್ರಿ."

ತೆಗೆಯುವವನೆಂದರೆ ಮಾಟ ಬಿಡಿಸಿ, ಅದನ್ನು ಹಾಕಿದವರು ಯಾರೆಂದು ತೋರಿಸುವವನು. ಮೌಶಿ ಬರಲು ಒಪ್ಪಲಿಲ್ಲ. ಓಡಿಹೋದರೆ ಅಪರಾಧ ಒಪ್ಪಿಕೊಂಡಂತೆ ಎಂದಳು, ಅದು ಸರಿಯೂ ಆಗಿತ್ತು. ಆಗ ನನಗೆ ಉಳಿದದ್ದು ಒಂದೇ ದಾರಿ. ಮೂಲ ಚಿತ್ರ ತಂದು ಓಣಿಯ ಹಿರಿಯರ ಮುಂದೆ ಇಡಬೇಕು: ಇದು ಮಾಟದ ಮುಖವಲ್ಲ, ಮಕ್ಕಳ ಪತ್ರಿಕೆಯ ಮುಖ. ಚಿಂಚೋಳಿಯಲ್ಲಿ ನಿವೃತ್ತ ಶಿಕ್ಷಕರೊಬ್ಬರು ಆ ವಾರಪತ್ರಿಕೆಯನ್ನು ರಟ್ಟು ಕಟ್ಟಿಸಿ ಇಟ್ಟಿದ್ದಾರೆಂದು ವಿಚಾರಿಸಿ ತಿಳಿದುಕೊಂಡು, ಅಮಾವಾಸ್ಯೆಗೆ ಇನ್ನೂ ಸಮಯವಿರುವಾಗಲೇ ಸೇಡಂನಿಂದ ಬಸ್ಸು ಹತ್ತಿದೆ.

ಮುದುಕರು ಧೂಳು ಝಾಡಿಸಿ ಪುಸ್ತಕ ಕೊಟ್ಟರು. ಸ್ಟೇಷನ್ ಮಾಸ್ತರ ಸಿಕ್ಕ. ತಲೆ ಅದೇ, ಕಣ್ಣು ಅದೇ, ಬಾವುಟ ಅದೇ. ಆದರೆ ಅವನು ಬಾಯಿ ಅಗಲಿಸಿ ನಗುತ್ತಿದ್ದ. ಇನ್ನೊಂದು ವಾರ ತೆರೆದೆ, ನಗು. ಪುಟದ ಮೇಲೆ ಪುಟ ತಿರುವಿದೆ. ಅವನು ಮೂಕನೂ ಆಗಿರಲಿಲ್ಲ, ಹೋಗುವ ರೈಲುಗಳನ್ನೆಲ್ಲ ಕೂಗಿ ಬೈಯುತ್ತಿದ್ದ. ಹೊಲಿದ ಬಾಯಿ ಯಾವ ಪುಟದಲ್ಲೂ ಇರಲಿಲ್ಲ.

"ಸಿಕ್ಕಿತೇನ್ರಿ?" ಎಂದರು ಮುದುಕರು. ಹೌದೆಂದೆ. ಫೋಟೋ ತೆಗೆದುಕೊಳ್ಳಲಿಲ್ಲ. ಅದನ್ನು ತೋರಿಸಿದರೆ ಓಣಿಯವರು ಕೇಳುವ ಮೊದಲ ಪ್ರಶ್ನೆ ಯಾವುದೆಂದು ನನಗೆ ಗೊತ್ತಿತ್ತು.

ಹಾಗಾದರೆ ಆ ಬಾಯಿ ಎಲ್ಲಿಂದ ಬಂತು? ಬಸ್ಸಿನಲ್ಲಿ ಒಂದು ಚಿತ್ರ ಕಣ್ಣೆದುರು ಬಂತು. ಶಹಾಬಾದಿನಲ್ಲಿ ಪಕ್ಕದ ಮನೆಯ ಹೊಸ್ತಿಲ ಬಂಡೆಯನ್ನು ಹಾರೆಯಿಂದ ಎಬ್ಬಿಸುತ್ತಿದ್ದಾರೆ, ಸುತ್ತ ಜನ, ಕೆಳಗೆ ಮಣ್ಣು ಮೆತ್ತಿದ ಬಟ್ಟೆಯದೊಂದು ವಸ್ತು, ಅದರ ಬಾಯಿಗೆ ಕಪ್ಪು ದಾರ. ಇದನ್ನು ನಾನು ಕಂಡೆನೋ, ಅವ್ವ ಹೇಳಿದ್ದನ್ನು ಕೇಳಿ ಕಟ್ಟಿಕೊಂಡೆನೋ, ಅಥವಾ ಬೇಕೆಂದಾಗ ಸಿಗಲೆಂದು ಆ ಬಸ್ಸಿನಲ್ಲೇ ಹುಟ್ಟಿಸಿಕೊಂಡೆನೋ, ಇವತ್ತಿಗೂ ಹೇಳಲಾರೆ. ಕೇಳೋಣವೆಂದರೆ ಅವ್ವ ಇಲ್ಲ.

ಸೇಡಂ ತಲುಪಿದಾಗ ಓಣಿಯ ಜನರೆಲ್ಲ ಹೊರಗಿದ್ದರು. ನನ್ನನ್ನು ಕಂಡು ದಾರಿ ಬಿಟ್ಟರು, ಬೇಕಾದ್ದಕ್ಕಿಂತ ಹೆಚ್ಚೇ ಬಿಟ್ಟರು. ಕಿಟಕಿಯಲ್ಲಿ ಗೊಂಬೆ ಇರಲಿಲ್ಲ.

ಮೌಶಿ ಒಳಗೆ ಚಹಾ ಕುದಿಸುತ್ತಿದ್ದಳು. "ಮುಗಸೀನಿ" ಎಂದಳು. "ಗೊಂಬಿ ಎದುರ ಮನಿಗೇ ಒಯ್ದೆ. ಆ ಹುಡುಗಿ ಮುಂದ ಕುಂತು ಒಂದೊಂದೇ ಸೂಜಿ ಕಿತ್ತೆ. ಬಾಯಿದು ಹೊಲಿಗಿ ಬಿಚ್ಚಿದೆ. ಹತ್ತಿ ತಗದು ತೋರಿಸಿದೆ. ನೋಡ್ರವ್ವ, ಬರೇ ಹತ್ತಿ ಅದ, ಅಂದೆ."

"ಹುಡುಗಿ?"

"ಎದ್ದು ಕುಂತಳು. ನೀರ ಕೇಳಿದಳು."

ನಾನು ಹೊಲಿಗೆ ಯಂತ್ರದ ಸ್ಟೂಲಿನ ಮೇಲೆ ಕುಳಿತೆ. ಹಾಕಿದವಳು ಮಾತ್ರ ತೆಗೆಯಬಲ್ಲಳು. ಮಾಟವನ್ನು ನಂಬುವವರ ಲೆಕ್ಕ ಇದೊಂದೇ. ಹುಡುಗಿಗೆ ವಾಸಿಯಾಗದೇ ಹೋಗಿದ್ದರೆ ಬರೀ ಅನುಮಾನ ಉಳಿಯುತ್ತಿತ್ತು. ವಾಸಿಯಾದದ್ದರಿಂದ ಅನುಮಾನವೂ ಉಳಿಯಲಿಲ್ಲ.

ಆ ದಿನಗಳಲ್ಲೇ ಅವಳನ್ನು ಕಲಬುರಗಿಯ ದವಾಖಾನೆಗೂ ಒಯ್ದಿದ್ದರು, ಅಲ್ಲಿ ಗುಳಿಗೆ ಕೊಟ್ಟಿದ್ದರು. ಅದನ್ನೇ ಹಿಡಿದುಕೊಂಡು ನಾನು ಮನೆಮನೆಗೆ ಹೇಳಿದೆ. ಆದರೆ ಗುಳಿಗೆ ಶುರುವಾದದ್ದು ಸೂಜಿ ಕಿತ್ತ ಮೇಲೋ, ಮೊದಲೋ? ಮೊದಲೇ ಎಂದು ಎಲ್ಲರಿಗೂ ಹೇಳಿದ್ದೇನೆ. ಹೇಳಿ ಹೇಳಿ ಈಗ ನನಗೇ ಖಾತ್ರಿ ಇಲ್ಲ.

ತೆಗೆಯುವವನು ಬರಲಿಲ್ಲ, ಬರಬೇಕಾದ ಅಗತ್ಯವೇ ಇರಲಿಲ್ಲ. ಯಾರೂ ಮೌಶಿಯ ಮೈ ಮುಟ್ಟಲಿಲ್ಲ. ಎದುರು ಮನೆಯವಳು ಬಂದು ಕಾಲಿಗೆ ಬಿದ್ದು ಹೋದಳು. ಮೌಶಿ ನಲ್ಲಿಗೆ ಬಂದರೆ ಸರದಿಯವರೆಲ್ಲ ಕೊಡ ಎತ್ತಿಕೊಂಡು ಸರಿಯುತ್ತಿದ್ದರು. ಅಳುವ ಕೂಸುಗಳ ಬಾಯಿಗೆ ತಾಯಂದಿರು ಕೈ ಒತ್ತುತ್ತಿದ್ದರು. "ನನ್ನ ಕೂಡ ಜಗಳಾಡೋರೇ ಇಲ್ಲಲ್ಲೋ" ಎಂದು ಮೌಶಿ ಒಮ್ಮೆ ಅಂದಳು. ಆ ಮನೆಯಲ್ಲಿ ಅವಳು ಹಾಗೆ ಧ್ವನಿ ತಗ್ಗಿಸಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಆಮೇಲೆ ಹೊರಗಿನವರು ಬರತೊಡಗಿದರು. ರಾವೂರ ಕಡೆಯ ಒಬ್ಬ ಗೃಹಸ್ಥ, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಹಳದಿ ಬಟ್ಟೆಯ ಸಣ್ಣ ಗಂಟು. ಒಳಗೆ ಯಾರದೋ ಸೀರೆಯ ಸೆರಗು ಎಂದ.

"ಒಂದ ಗೊಂಬಿ ಮಾಡಿಕೊಡ್ರಿ ಅಕ್ಕೋರ. ನಮ್ಮ ತಮ್ಮನ ಹೆಣತೀದು."

"ನಾ ಅಂಥವು ಮಾಡಂಗಿಲ್ಲಪ್ಪ."

"ಗೊತ್ತರೀ" ಎಂದು ಆತ ನಮ್ರವಾಗಿ ನಕ್ಕ. "ಎಲ್ಲಾರ ಮುಂದ ಹ್ಯಾಂಗ ಹೇಳ್ತೀರಿ." ಗಂಟನ್ನು ಕಟ್ಟೆಯ ಮೇಲಿಟ್ಟು ಹೋದ.

ಅದು ಅಲ್ಲೇ ಉಳಿಯಿತು. ಕಸ ಗುಡಿಸುವವಳು ಅದರ ಸುತ್ತ ಗುಡಿಸಿದಳು. ನಾಯಿ ಕೂಡ ಮೂಸಲಿಲ್ಲ ಎಂದು ಬರೆಯಹೊರಟಿದ್ದೆ, ಆದರೆ ನಾಯಿಯನ್ನು ನಾನು ನೋಡಿಲ್ಲ.

ಕೊನೆಗೆ ಮೌಶಿ ವಾಡಿಗೆ ಬರಲು ಒಪ್ಪಿದಳು. ಹೊಲಿಗೆ ಯಂತ್ರ, ಬಟ್ಟೆಯ ಸುರುಳಿಗಳು ಟೆಂಪೋ ಹತ್ತಿದವು. ಬಾಗಿಲಿಗೆ ಬೀಗ ಹಾಕುವ ಮುಂಚೆ ಅವಳು, "ಕಟ್ಟಿ ಮ್ಯಾಲಿಂದು ತಗೊ. ಇಲ್ಲೇ ಬಿಟ್ಟರ ಬಾಡಿಗಿಗೆ ಬರೋರು ಅಂಜತಾರ" ಎಂದಳು. ನಾನು ಗಂಟಿನ ಮುಂದೆ ನಿಂತೆ. ಅಳತೆಯ ಮರದ ಪಟ್ಟಿ ಹೇಗೋ ನನ್ನ ಕೈಯಲ್ಲೇ ಇತ್ತು.

"ಪಟ್ಟಿ ಯಾಕಲೇ?" ಎಂದಳು ಮೌಶಿ ಹಿಂದಿನಿಂದ. "ಕೈಲೆ ಎತ್ತು."

ಕೈಯಲ್ಲೇ ಎತ್ತಿದೆ ಎಂದು ನನ್ನ ನೆನಪು. ಮೌಶಿ ಹೇಳುವುದೇ ಬೇರೆ.